ಹ್ಞೂಂಗುಟ್ಟಿದ ಅಳತೆ

ಅಂದು ಬೆಳಿಗ್ಗೆ ನನ್ನ ಗಂಟಲು ಕಟ್ಟದೇ ಇದ್ದಿದ್ದರೆ ಅಕ್ಕನ ಕಣ್ಣು ಹೋಗಿರುವುದು ಯಾರಿಗೂ ತಿಳಿಯುತ್ತಿರಲಿಲ್ಲ.

ಭೂಮಿ ತಿರುಗುವುದನ್ನು ಬೆಳಕಿನಿಂದ ಅಳೆಯಲು ನಮ್ಮ ಮೇಷ್ಟ್ರು ಮೈದಾನದ ನಾಲ್ಕೂ ಅಂಚಿಗೆ ಕೊಳವೆ ಹಾಸಿ ಒಳಗಿನ ಗಾಳಿಯನ್ನು ಹೀರಿ ತೆಗೆದಿದ್ದರು. ಒಂದೇ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಸುತ್ತಿಸುವುದು. ಭೂಮಿ ತಿರುಗುತ್ತಿರುವುದರಿಂದ ಎರಡರಲ್ಲಿ ಒಂದು ತುಸು ತಡವಾಗಿ ಬರುತ್ತದೆ. ಎರಡೂ ಕೂಡಿದಲ್ಲಿ ಮೂಡುವ ಕಪ್ಪು ಬಿಳಿ ಗೆರೆಗಳು ಅಷ್ಟು ಪಕ್ಕಕ್ಕೆ ಸರಿಯುತ್ತವೆ. ಎಷ್ಟು ಸರಿದವೆಂದು ಮಸೂರದಲ್ಲಿ ನೋಡಿ ಹೇಳುವವಳು ಅಕ್ಕ. ಬರೆದುಕೊಳ್ಳುವವಳು ನಾನು. ಗೆರೆಯ ಅಗಲವನ್ನು ನೂರು ಪಾಲು ಮಾಡಿದರೆ ಇಪ್ಪತ್ಮೂರರ ಆಸುಪಾಸು ಬರಬೇಕೆಂದು ಮೇಷ್ಟ್ರು ನನಗೊಬ್ಬಳಿಗೇ ಹೇಳಿದ್ದರು. ನೋಡುವವರಿಗೆ ಗೊತ್ತಾದರೆ ಕಣ್ಣು ಅದನ್ನೇ ಕಾಣುತ್ತದಂತೆ.

ಮೈದಾನ ಬಿಟ್ಟುಕೊಡುವ ದಿನ ಬಂದಿತ್ತು. ಕೊಳವೆ ಕೀಳುವವರು ಹೊರಗೆ ಬೀಡಿ ಸೇದುತ್ತ ಕೂತಿದ್ದರು. ಎರಡು ವರ್ಷದ ಕೆಲಸದಲ್ಲಿ ಹತ್ತು ಅಂಕಿ ಮಾತ್ರ ಬಾಕಿ.

"ಮೂವತ್ತೊಂದು," ಎಂದಳು ಅಕ್ಕ. ಬರೆದೆ.

"ಹನ್ನೆರಡು." ಬರೆದೆ.

"ನಲವತ್ತು... ಲೇ, ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯೇನೇ? ಹ್ಞೂಂ ಅನ್ನೇ!"

"ಗಂಟಲು ಕಟ್ಟಿದೆ ಕಣೇ," ಎಂದು ಪಿಸುಗುಟ್ಟಿದೆ. "ನನ್ನ ಹ್ಞೂಂ ಯಾಕೆ ಬೇಕು ನಿಂಗೆ?"

ಅಕ್ಕ ಮಸೂರದಿಂದ ಮುಖ ಎತ್ತಲಿಲ್ಲ.

"ಸರಿ ಬಂದ್ರೆ ಚುಟುಕಾಗಿ ಹ್ಞೂಂ ಅಂತೀಯ. ತಪ್ಪಿದ್ರೆ ಎಳೀತೀಯ. ಎಳೆದ್ರೆ ನಾನು 'ತಡಿ, ಇನ್ನೊಂದ್ಸಲ ನೋಡ್ತೀನಿ' ಅಂತೀನಲ್ಲ."

"ಮತ್ತೆ ಗೆರೆ?"

"ಎಲ್ಲಿಯ ಗೆರೆ. ಹಾಲು ಚೆಲ್ಲಿದ ಹಾಗೆ ಕಾಣತ್ತೆ, ಅಷ್ಟೇ."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಕುರುಡೀನ ಯಾರೇ ಇಟ್ಕೋತಾರೆ? ಬಿಡೇ. ನಾವು ಸುಳ್ಳು ಹೇಳಿದ್ರೆ ಭೂಮಿ ನಿಂತ್ಹೋಗತ್ತಾ?"

ನನ್ನ ಬಾಯಿಂದ ಬಂದದ್ದನ್ನೇ ನನ್ನ ಕೈ ಬರೆದುಕೊಂಡಿತ್ತು. ತಲೆಯೆತ್ತಿದರೆ ಬಾಗಿಲಲ್ಲಿ ಮೇಷ್ಟ್ರು. ಕೊನೆಯ ಅಂಕಿಗಳನ್ನು ತಾವೇ ಕೇಳಬೇಕೆಂದು ಬಂದವರ ಕಿವಿಗೆ ಅಕ್ಕನ ಮಾತೆಲ್ಲ ಬಿದ್ದಿತ್ತು.

ಅವರು ಬೈಯಲಿಲ್ಲ. ಪುಸ್ತಕ ತೆಗೆದುಕೊಂಡರು.

"ಯಾವ ತಾರೀಖಿಂದಮ್ಮ? ಅದರ ಹಿಂದಿನದ್ದಾದ್ರೂ ಉಳಿಸ್ಕೋತೀನಿ."

"ಒಂದೇ ದಿನ ಹೋದದ್ದಲ್ಲ ಮೇಷ್ಟ್ರೇ. ಮೆಲ್ಲಗೆ ಹೋಯ್ತು."

"ಅಂದಾಜಾದ್ರೂ ಹೇಳಿ."

"ಅಂದಾಜು ಹೇಳೀ ಹೇಳೀ ಇಲ್ಲಿಗೆ ಬಂದಿದೀವಿ," ಎಂದಳು ಅಕ್ಕ.

ಮೇಷ್ಟ್ರು ಕೊನೆಯ ಹಾಳೆಗೆ ಅಡ್ಡಗೆರೆ ಎಳೆದರು. ಅದರ ಹಿಂದಿನದಕ್ಕೂ. ಪ್ರತಿ ಹಾಳೆಯಲ್ಲೂ ತುಸು ನಿಂತು, ಅಂಕಿಗಳ ಮೇಲೆ ಬೆರಳಾಡಿಸಿ, ಮತ್ತೆ ಎಳೆದರು. ಹೊರಗಿನಿಂದ ಯಾರೋ "ಕೊಳವೆ ಕೀಳೋಕೆ ಶುರು ಮಾಡೋಣ್ವಾ ಸ್ವಾಮೀ?" ಎಂದು ಕೂಗಿದರು. ಮೇಷ್ಟ್ರು ತಲೆಯೆತ್ತದೆ "ಮಾಡಿ" ಎಂದರು. ಮೊದಲ ಹಾಳೆಗೂ ಗೆರೆ ಬಿದ್ದ ಮೇಲೆ ನಿಲ್ಲಿಸಿದರು. ಅದಕ್ಕೂ ಹಿಂದೆ ಹಾಳೆ ಇರಲಿಲ್ಲ.