ಗಟ್ಟಿ ಮೇಸ್ತ್ರಿಯ ಪಿಯಾನೋ

"ಒತ್ತು ಪುಟ್ಟಿ, ಒತ್ತಿ ನೋಡು," ಎಂದು ಅಪ್ಪ ಬೆನ್ನ ಹಿಂದೆ ನಿಂತು ಅವಸರ ಮಾಡಿದ.

ಪುಟ್ಟಿ ಇನ್ನೂ ಹೆಗಲಿನ ಚೀಲ ಇಳಿಸಿರಲಿಲ್ಲ. ಕಾಲೇಜಿನಿಂದ ಬಂದವಳನ್ನು ಬಾಗಿಲಲ್ಲೇ ಹಿಡಿದು, ಕಣ್ಣು ಮುಚ್ಚಿಸಿ, ನಡುಮನೆಗೆ ಕರೆತಂದು ನಿಲ್ಲಿಸಿದ್ದ. ಹಳೇ ಪಿಯಾನೋ ಪಾಲಿಶ್ ಕುಡಿದು ಫಳಫಳ ಹೊಳೆಯುತ್ತಿತ್ತು. ಅವಳು ನಗುತ್ತಲೇ ನಡುವಿನ ಒಂದು ಬಿಳಿ ಕೀಯ ಮೇಲೆ ಬೆರಳಿಟ್ಟಳು. ಅದು ಕೆಳಗೆ ಹೋಗಲಿಲ್ಲ. ಪಕ್ಕದ್ದನ್ನು ಒತ್ತಿದಳು, ಅದೂ ಹೋಗಲಿಲ್ಲ. ಎರಡೂ ಕೈಯಿಟ್ಟು ಹತ್ತು ಬೆರಳಲ್ಲಿ ಒತ್ತಿದಳು. ಊಟದ ಮೇಜಿನ ಅಂಚು ಒತ್ತಿದ ಹಾಗಾಯಿತು.

"ಹೇಗೆ? ಒಂದಾದ್ರೂ ಅಲ್ಲಾಡುತ್ತಾ?" ಅಪ್ಪನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

ಈ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಮುರಿದ ಕುರ್ಚಿ, ಮೇಜು, ಮಂಚ ರಿಪೇರಿ ಮಾಡುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಗಟ್ಟಿ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಅವನ ಕೈಯಿಂದ ಹೊರಬಿದ್ದ ಕುರ್ಚಿಯ ಮೇಲೆ ಆನೆ ಕೂತರೂ ಕಿರ್ ಎನ್ನಬಾರದು. ನೆಂಟರ ಮನೆಗೆ ಹೋದರೆ ಕೂರುವ ಮೊದಲು ಕುರ್ಚಿ ಹಿಡಿದು ಅಲ್ಲಾಡಿಸಿ ನೋಡುವ ಮನುಷ್ಯ. ಒಂದು ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರ ಮೇಜಿನ ಕೆಳಗೆ ತೂರಿಕೊಂಡು ಅದರ ಕಾಲಿಗೆ ಮರದ ಚಕ್ಕೆ ಬಡಿದು ಬಂದಿದ್ದನ್ನು ಅಮ್ಮ ಇವತ್ತಿಗೂ ಎತ್ತಿ ಆಡುತ್ತಾಳೆ. ಲೋಕದಲ್ಲಿ ಅಲ್ಲಾಡುವುದೆಲ್ಲ ಕೆಟ್ಟಿದ್ದು, ಅಲ್ಲಾಡದಿದ್ದರೆ ರಿಪೇರಿಯಾಯಿತು ಎಂದೇ ಅವನ ಲೆಕ್ಕ.

ಕಳೆದ ವಾರ ಊಟಕ್ಕೆ ಕೂತಾಗ ಪುಟ್ಟಿಯೇ ಅಂದಿದ್ದಳು, "ಆ ಮೇಲಿನ ಕೀ ಒಂಚೂರು ಅಲ್ಲಾಡುತ್ತಪ್ಪ." ಮಾತಿಗೆ ಹೇಳಿದ್ದು. ಅಷ್ಟು ಸಾಕಾಯಿತು.

"ಅದೊಂದೇ ಅಲ್ಲ ಕಣೇ," ಎಂದ ಅಪ್ಪ. "ಮುಂದಿನ ಹಲಗೆ ಬಿಚ್ಚಿ ನೋಡ್ತೀನಿ, ಎಲ್ಲಾನೂ ಮುದುಕನ ಹಲ್ಲಿನ ಹಾಗೆ ಕಳಕಳ ಅಂತಿದಾವೆ! ಒಂದೊಂದೂ ಮೊಳೆ ಮೇಲೆ ಸುಮ್ನೆ ಕೂತಿದೆ, ಹಿಡಿತವೇ ಇಲ್ಲ. ಯಾವನು ಮಾಡಿದ್ನೋ ಪುಣ್ಯಾತ್ಮ. ಇವತ್ತು ಅಂಗಡಿಗೆ ಬೀಗ ಹಾಕಿ, ಬೆಳಗ್ಗೆಯಿಂದ ಕೂತು, ಒಂದೊಂದಕ್ಕೂ ಗೋಂದು ಬಿಟ್ಟು ಸಣ್ಣ ಚಕ್ಕೆ ಕೊಟ್ಟೆ."

"ಅಪ್ಪಾ, ಅದು ಕೆಳಗೆ ಹೋಗ್ಬೇಕು."

"ಹೋಗ್ತಿತ್ತಲ್ಲ! ಗೋಂದು ಹಾಕಿದ್ಮೇಲೂ ಒತ್ತಿ ನೋಡಿದ್ದೆ, ಹೋಗ್ತಿತ್ತು. ಆಮೇಲೆ ಪಾಲಿಶ್‌ಗೆ ಕೂತೆ." ಅಪ್ಪ ಮುಂದೆ ಬಂದು ತಾನೇ ಹೆಬ್ಬೆರಳಿಟ್ಟು ಒತ್ತಿದ. ಇನ್ನೊಂದು ಒತ್ತಿದ. ಎಡದ ತುದಿಯಿಂದ ಬಲದ ತುದಿಯವರೆಗೂ ಒತ್ತುತ್ತಾ ಹೋದ. ಪಾಲಿಶ್ ಹಚ್ಚುತ್ತಾ ಕೂತ ಹೊತ್ತಿನಲ್ಲಿ ಗೋಂದು ಒಣಗಿ ಕಲ್ಲಾಗಿತ್ತು. ಅವನ ಮುಖದ ನಗು ಎಲ್ಲಿ ಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ.

ಪುಟ್ಟಿ ಗಡಿಯಾರ ನೋಡಿದಳು. ಆ ಸಂಜೆಯೇ ಸಂಗೀತ ಶಾಲೆಯ ಮೇಡಂ ಮನೆಗೆ ಬರುವವರಿದ್ದರು. ಹಾಡುತ್ತಾ ತಾವೇ ನುಡಿಸುವವರ ತರಗತಿಯಲ್ಲಿ ಉಳಿದದ್ದು ಒಂದೇ ಸೀಟು. ಅಭ್ಯಾಸಕ್ಕೆ ಮನೆಯಲ್ಲಿ ಪಿಯಾನೋ ಇಲ್ಲದವರನ್ನು ಆ ಶಾಲೆ ಸೇರಿಸಿಕೊಳ್ಳುವುದಿಲ್ಲ. ಅದಕ್ಕೇ ಮೇಡಂ ಮನೆಮನೆಗೆ ಹೋಗಿ, ಅಲ್ಲಿನ ಪಿಯಾನೋದ ಮೇಲೆಯೇ ಸೇರಬಯಸಿದವರಿಂದ ನುಡಿಸಿ ಹಾಡಿಸಿ ಕೇಳುವುದು. ಮುಂದಿನ ವರ್ಷಕ್ಕೆ ಪುಟ್ಟಿಯ ವಯಸ್ಸು ಮೀರುತ್ತಿತ್ತು.

ಅವಳಿಗೆ ಹಾಡು ಅಂದರೆ ಹುಚ್ಚು. ಊರು ಬಿಟ್ಟು ಹೋಗುವಾಗ ಪಕ್ಕದ ಬೀದಿಯ ಟೀಚರಮ್ಮ, "ನಿನ್ನ ಹತ್ರ ಇದ್ರೆ ಇದಕ್ಕೂ ಜೀವ ಇರುತ್ತೆ," ಅಂತ ಬಿಟ್ಟುಕೊಟ್ಟ ಪಿಯಾನೋ ಅದು. ಬೆಳಗ್ಗೆ ಮುಖ ತೊಳೆಯುವ ಮೊದಲು ಅದರ ಮುಂದೆ ಕೂರುವಳು. ಪಾತ್ರೆ ತೊಳೆಯಲು ಕೂರಿಸಿದರೆ ಬೋಗುಣಿಯ ತಳದ ಮೇಲೆ ಬೆರಳು ಓಡಿಸುವಳು. "ಇವಳು ಉಜ್ಜಿದ ಪಾತ್ರೆಯಲ್ಲಿ ರಾಗ ಬರುತ್ತೇ ಹೊರತು ಜಿಡ್ಡು ಹೋಗಲ್ಲ," ಎಂದು ಅಮ್ಮ ಗೊಣಗುತ್ತಿದ್ದಳು. ಮೇಡಂ ಮುಂದೆ ಹಾಡಲೆಂದು ಅವಳೇ ಒಂದು ಹಾಡು ಕಟ್ಟಿದ್ದಳು, ಮಾತೂ ಅವಳದೇ, ಸ್ವರವೂ ಅವಳದೇ. ಎರಡು ಚರಣಗಳ ನಡುವೆ ಬರೀ ಪಿಯಾನೋ ನುಡಿಯುವ ಒಂದು ಭಾಗವಿತ್ತು. ಹಾಡಿನಲ್ಲಿ ಅವಳಿಗೆ ಪ್ರಾಣವಾಗಿದ್ದದ್ದು ಅದೇ.

ಅಮ್ಮ ಅಡುಗೆಮನೆಯಿಂದ ಬಂದವಳು ವಿಷಯ ತಿಳಿದು ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ ಗಟ್ಟಿತನಕ್ಕಿಷ್ಟು ಬೆಂಕಿ ಹಾಕ! ಬರೀ ಪಾಲಿಶ್ ಹಚ್ತಿದೀರಿ ಅಂದ್ಕೊಂಡಿದ್ನಲ್ಲ! ಮನೇಲಿ ಮತ್ತೇನೂ ಕಾಣಿಸ್ಲಿಲ್ವೇನ್ರೀ? ಆ ಬಚ್ಚಲ ಬಾಗಿಲು ಬೀಳೋ ಹಾಗಿದೆ, ಅದಕ್ಕೆ ಹಚ್ಚೋದಿತ್ತು!"

"ಸುಮ್ನಿರೇ, ಬಿಡಿಸ್ತೀನಿ," ಎಂದ ಅಪ್ಪ.

ಬಿಸಿನೀರಲ್ಲಿ ಬಟ್ಟೆ ಅದ್ದಿ ಇಟ್ಟ. ತೆಳ್ಳಗಿನ ಚಾಕು ತೂರಿಸಿದ. ಉಳಿ ಇಟ್ಟು ಮೆಲ್ಲಗೆ ತಟ್ಟಿದ. ಒಂದು ಬಿಳಿ ಕೀ ಲಟ್ ಎಂದು ನಡುವೆ ಮುರಿದು ಅವನ ಕೈಗೆ ಬಂತು. ಅದನ್ನು ಹಿಡಿದುಕೊಂಡು ಅವನು ಮಗಳ ಮುಖ ನೋಡಿದ. ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕು, ಕಿರುಚಬೇಕು, ಅವನ ಉಳಿ ಸುತ್ತಿಗೆಗಳನ್ನೆಲ್ಲ ಬೀದಿಗೆ ಎಸೆಯಬೇಕು ಅನ್ನಿಸಿತು ಪುಟ್ಟಿಗೆ. ಆದರೆ ಅವನ ಹಣೆಯ ಮೇಲೆ ಪಾಲಿಶ್ ಅಂಟಿತ್ತು, ಮಧ್ಯಾಹ್ನದ ಊಟ ತಟ್ಟೆ ಮುಚ್ಚಿ ಹಾಗೇ ಇತ್ತು.

"ಬಿಡಪ್ಪ, ಇನ್ನಷ್ಟು ಮುರಿಯುತ್ತೆ," ಎಂದಳು.

ಪಿಯಾನೋ ರಿಪೇರಿ ಮಾಡುವವನೊಬ್ಬನಿಗೆ ಅಮ್ಮ ಫೋನ್ ಮಾಡಿಸಿದಳು. ಅವನು ಇದ್ದದ್ದು ಬೇರೆ ಊರಲ್ಲಿ. "ಏನ್ ಹಾಕಿದ್ರಿ? ಗೋಂದಾ?" ಎಂದ. ದಯವಿಟ್ಟು ಮುಟ್ಟಬೇಡಿ, ತಿಂಗಳುಗಟ್ಟಲೆ ಕೆಲಸ, ಸರಿಹೋಗುತ್ತೆ ಅಂತಲೂ ಹೇಳಲಾರೆ ಎಂದು ಫೋನ್ ಇಟ್ಟುಬಿಟ್ಟ. ಇನ್ನೊಂದು ದಿನ ಬರಲಾಗುತ್ತದೆಯೇ ಎಂದು ಶಾಲೆಗೂ ಕೇಳಿದ್ದಾಯಿತು. ಮೇಡಂ ಆಗಲೇ ಹೊರಟಿದ್ದರು.

ಅವರು ಬಂದಾಗ ಇನ್ನೂ ಬೆಳಕಿತ್ತು. ತೆಳ್ಳಗೆ, ಎತ್ತರದ ಹೆಂಗಸು, ಮಾತು ಮೃದು. ಅಪ್ಪ ಕುರ್ಚಿ ತಂದಿಟ್ಟು, ಅಭ್ಯಾಸಬಲ, ಒಮ್ಮೆ ಅಲ್ಲಾಡಿಸಿ ನೋಡಿ, "ಕೂತ್ಕೊಳ್ಳಿ ಮೇಡಂ," ಎಂದ. ಅಮ್ಮ ಟೀ ತಂದಳು. ಮೇಡಂ ಪಿಯಾನೋದ ಹೊಳಪನ್ನು ಮೆಚ್ಚಿ, ಹೋಗಿ ಒಂದು ಕೀ ಒತ್ತಿದರು. ಮತ್ತೊಂದು ಒತ್ತಿದರು. ತಿರುಗಿ ಪುಟ್ಟಿಯನ್ನು ನೋಡಿದರು.

"ಕೆಟ್ಟಿದೆ ಮೇಡಂ," ಎಂದಳು ಪುಟ್ಟಿ. "ಬೆಳಗ್ಗೆ ಚೆನ್ನಾಗಿತ್ತು. ನಿಜವಾಗ್ಲೂ ಚೆನ್ನಾಗಿತ್ತು."

ಇಂಥ ಮಾತು ಎಷ್ಟೋ ಮನೆಗಳಲ್ಲಿ ಕೇಳಿದವರ ಹಾಗೆ ಮೇಡಂ ತಲೆಯಾಡಿಸಿದರು. ಅದು ಅಪ್ಪನಿಗೆ ತಡೆಯಲಾಗಲಿಲ್ಲ. "ತಪ್ಪು ನಂದು ಮೇಡಂ. ಅವಳು ಸುಳ್ಳು ಹೇಳೋ ಹುಡುಗಿ ಅಲ್ಲ. ಅಲ್ಲಾಡ್ತಿತ್ತು ಅಂತ ನಾನೇ ಗೋಂದು ಹಾಕ್ದೆ."

"ಗೋಂದು?"

"ಒಳ್ಳೇ ಗೋಂದೇ ಮೇಡಂ," ಎಂದ ಅಪ್ಪ. ಅಂದ ಮೇಲೆ ಅವನಿಗೇ ನಾಚಿಕೆಯಾಗಿ ಗೋಡೆಗೆ ಒರಗಿ ನಿಂತ.

ಮೇಡಂ ಒಳ್ಳೆಯವರು. ನಗಲಿಲ್ಲ. "ಸರಿ, ಹಾಗೇ ಹಾಡಮ್ಮ, ಕೇಳೋಣ," ಎಂದರು.

ಪುಟ್ಟಿ ಪಿಯಾನೋದ ಮುಂದೆಯೇ ಕೂತಳು. ಬೇರೆಲ್ಲಿ ಕೂತು ಹಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಾಲು ನಡುಗಿತು, ಎರಡನೆಯದು ನೆಲೆಗೆ ನಿಂತಿತು, ಆಮೇಲೆ ದನಿ ತೆರೆದುಕೊಂಡಿತು. ಬಾಗಿಲ ಬಳಿ ಅಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಮೊದಲ ಚರಣ ಮುಗಿಯಿತು. ಪಿಯಾನೋದ ಭಾಗ ಬಂತು. ಪುಟ್ಟಿ ಹಾಡುವುದನ್ನು ನಿಲ್ಲಿಸಿದಳು, ಅವಳ ಕೈಗಳು ನಿಲ್ಲಲಿಲ್ಲ. ಕೆಳಗೆ ಹೋಗದ ಕೀಗಳ ಮೇಲೆ ಹತ್ತು ಬೆರಳೂ ಓಡಿದವು, ದಾಟಿದವು, ಹಿಂದಕ್ಕೆ ಬಂದವು. ಕೋಣೆಯಲ್ಲಿ ಉಗುರು ತಾಗುವ ಸಣ್ಣ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮೇಡಂ ಕಾದರು. ಸ್ವಲ್ಪ ಹೊತ್ತು ನಿಜವಾಗಿಯೂ ಕಾದರು. ಆಮೇಲೆ ಟೀ ಲೋಟ ಕೆಳಗಿಟ್ಟು, "ಸಾಕಮ್ಮ," ಎಂದರು.

"ಇನ್ನೊಂದು ಚರಣ ಇದೆ ಮೇಡಂ."

"ಕಂಠ ಚೆನ್ನಾಗಿದೆ. ಬಿಡಬೇಡ, ಹಾಡ್ತಾ ಇರು." ಅವರು ಎದ್ದರು. "ಕೇಳದೇ ಇರೋದಕ್ಕೆ ನಾನು ಏನಂತ ಹೇಳ್ಲಿ, ನೀನೇ ಹೇಳು? ಇನ್ನೂ ಒಂದು ಮನೆ ಇದೆ ನಂಗೆ."

ಅವರನ್ನು ಬೀದಿಯವರೆಗೆ ಬಿಟ್ಟು ಬಂದ ಅಪ್ಪ ಒಳಗೆ ಬರಲು ಹೆದರಿದವನ ಹಾಗೆ ಹೊಸ್ತಿಲಲ್ಲೇ ನಿಂತ. ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು. ಇವತ್ತಂತೂ ಬೈಯುವಷ್ಟು ತ್ರಾಣ ಅವಳಿಗೂ ಉಳಿದಿರಲಿಲ್ಲ. ಪುಟ್ಟಿ ಕೂತಲ್ಲೇ ಕೂತಿದ್ದಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಅದೂ ಬರಲಿಲ್ಲ.

ಅಪ್ಪ ಬಂದು ಪಿಯಾನೋದ ಪಕ್ಕ ನೆಲದ ಮೇಲೆ ಕೂತ. ಕೇಳಿದ, "ಪುಟ್ಟಿ, ಮಧ್ಯದಲ್ಲಿ ಹಾಡು ನಿಲ್ಸಿ ಸುಮ್ನೆ ಕೈ ಆಡಿಸ್ತಿದ್ಯಲ್ಲ. ಅಲ್ಲೇನಿತ್ತು?"

"ಅಲ್ಲಿ ಪಿಯಾನೋ ಇತ್ತಪ್ಪ."

ಅವನು ತಲೆ ತಗ್ಗಿಸಿದ. "ಅಂಗಡೀಲಿರ್ತಿದ್ದೆ, ಒಂದಿನಾನೂ ಸರಿಯಾಗಿ ಕೇಳಿರ್ಲಿಲ್ಲ," ಎಂದ. "ಬಾಯಲ್ಲಿ ಹೇಳಿ ತೋರಿಸ್ತೀಯಾ? ಸ್ವಲ್ಪ?"

"ಎರಡು ಕೈಯದು ಅಪ್ಪ. ಒಂದು ಬಾಯಲ್ಲಿ ಬರಲ್ಲ."

"ಬಂದಷ್ಟು ಹೇಳು."

ಪುಟ್ಟಿ ಬಲಗೈಯದ್ದನ್ನು ಮೆಲ್ಲಗೆ ಗುನುಗಲು ಶುರುಮಾಡಿದಳು. ಎಡಗೈ ತನ್ನ ಪಾಡಿಗೆ ಕೀಗಳ ಮೇಲೆ ಹೋಗಿ ತನ್ನ ಪಾಲನ್ನು ಒತ್ತುತ್ತಿತ್ತು. ಅಪ್ಪ ಅವಳ ಮುಖ ನೋಡಲಿಲ್ಲ. ಕಿವಿಯನ್ನು ಆ ಎಡಗೈಯ ಹತ್ತಿರಕ್ಕೆ ಬಗ್ಗಿಸಿ, ಉಸಿರು ಬಿಗಿಹಿಡಿದು ಕೇಳುತ್ತಾ ಕೂತ.