ಗಡಿಯಾಚೆಯ ಗುಟುಕು

"ಬಾಯಿ ತೆಗಿ. ನಾಲಿಗೆ ಎತ್ತು."

ಕಟ್ಟುತ್ತಿದ್ದ ಕಟ್ಟಡದ ಬುಡದಲ್ಲಿ ನಿಂತು ನರ್ಸಮ್ಮ ಹೀಗಂದರೆ ಪೇಂಟರ್ ತೆಪ್ಪಗೆ ಬಾಯಿ ತೆಗೆಯುತ್ತಿದ್ದ. ಕ್ಷಯದ ಮಾತ್ರೆ ಹೊಟ್ಟೆಗೆ ಇಳಿದದ್ದನ್ನು ಕಣ್ಣಾರೆ ನೋಡದೆ ಆಕೆ ಜಾಗ ಬಿಡುವವಳಲ್ಲ. ಇದು ಬಣ್ಣ ಹಚ್ಚಿದ ಕಥೆಯಲ್ಲ, ಬಣ್ಣ ಹಚ್ಚುವವನ ಕಥೆ. ನಡೆದದ್ದು ನಡೆದ ಹಾಗೇ ಇದೆ.

ದುಡಿಮೆಗೆಂದು ಗಡಿ ದಾಟಿ ಬಂದವರೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಪೇಂಟರನ ಪಕ್ಕದ ಮಂಚ ಕ್ರೇನ್ ನಡೆಸುವ ಗಿಳಿಯದು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವನ ಗಂಟಲಿಗೆ ಇಳಿದುಬಿಡುತ್ತಿತ್ತು; ಅದಕ್ಕೇ ಆ ಹೆಸರು. ಮಾತ್ರೆಯಿಂದ ಮೂತ್ರ ಕೆಂಪಾದಾಗ "ಒಳಗಡೆ ಕೆಂಪು ಪ್ರೈಮರ್ ಹೊಡೀತಿದಾರೆ ಕಣೋ, ಹೆದರ್ಬೇಡ" ಅಂದಿದ್ದ. ಪೇಂಟರ್ ನಗಲು ಹೊರಟರೆ ಅರ್ಧದಲ್ಲೇ ಕೆಮ್ಮು ಬಂದು ನಗುವನ್ನು ಕಿತ್ತುಕೊಳ್ಳುತ್ತಿತ್ತು. ಅದು ಮುಗಿಯುವ ತನಕ ಕೋಣೆಯವರು ಮುಖ ತಿರುಗಿಸಿ ಕಾಯುತ್ತಿದ್ದರು.

ಜ್ವರ ಬಿಟ್ಟಿತು, ಮೈ ತುಂಬಿತು. ಅಷ್ಟರಲ್ಲಿ ಹೆಂಡತಿಗೆ ಹೆರಿಗೆ ಹತ್ತಿರ ಬಂತೆಂದು ಪೇಂಟರ್ ಊರಿಗೆ ಹೊರಟ. ಮಾತ್ರೆ ಇನ್ನೂ ತಿಂಗಳುಗಟ್ಟಲೆ ಬಾಕಿ. ನರ್ಸಮ್ಮ ಗಡಿಯಾಚೆಯ ಆಸ್ಪತ್ರೆಯವರ ಜೊತೆ ತಾನೇ ಮಾತಾಡಿ, ಅವನಿಗೆ ಅಲ್ಲೂ ಮಾತ್ರೆ ಸಿಗುವ ಹಾಗೆ ಮಾಡಿದಳು. ಆದರೆ ಎದುರಿಗೆ ನಿಂತು ನುಂಗಿಸುವವರು ಅಲ್ಲಿರಲಿಲ್ಲ. ನಡುವೆ ಬಿಟ್ಟರೆ ರೋಗ ಗಟ್ಟಿಯಾಗಿ ಮರಳುತ್ತದೆ, ಆಮೇಲೆ ಈ ಮಾತ್ರೆಗೂ ಬಗ್ಗುವುದಿಲ್ಲ, ಹಸುಗೂಸಿಗೂ ಅಂಟಬಹುದು ಎಂದು ಆಕೆ ಗಿಳಿಯ ಮುಂದೆ ಪೇಚಾಡಿದಳು. "ನನ್ನ ಹೆದರಿಕೆಗೆ ನುಂಗ್ತಿದ್ದ ಮನುಷ್ಯ ಅದು. ನನ್ನ ಕೈ ಗಡಿ ದಾಟಲ್ವಲ್ಲ."

ಕೈ ದಾಟದಿದ್ದರೇನು, ಗಂಟಲು ದಾಟುತ್ತದೆ ಅಂದುಕೊಂಡ ಗಿಳಿ ಹೊಸ ಸಿಮ್ ಕೊಂಡ. ಮಾರನೆಯ ಬೆಳಿಗ್ಗೆಯಿಂದ ಕ್ರೇನಿನ ತುದಿಯ ಗೂಡಿನಲ್ಲಿ ಕೂತು ನರ್ಸಮ್ಮನಾದ. "ನೀರು ಕುಡಿ. ಗುಟುಕಿನ ಸದ್ದು ಕೇಳಿಸ್ಬೇಕು." ಆಚೆಯಿಂದ ಪೇಂಟರ್, ನುಂಗಾಯ್ತಕ್ಕ ಎಂದು ಬುರುಡೆ ಬಿಟ್ಟರೆ ಈಚೆಯಿಂದ ಬರೀ ಮೌನ, ಆ ಮೌನವೂ ಥೇಟ್ ಆಕೆಯದೇ. ಅವನು ಗಾಬರಿಬಿದ್ದು ಗುಟುಕರಿಸುತ್ತಿದ್ದ. ಗಿಳಿಗೇ ಜ್ವರ ಬಂದು ನಡುಗುತ್ತಿದ್ದ ದಿನವೂ ಕರೆ ತಪ್ಪಲಿಲ್ಲ. ಒಮ್ಮೆ ಮರೆತು ವಾಕಿಟಾಕಿಯಲ್ಲೂ ಅದೇ ದನಿ ಹೊರಟು, ಕೆಳಗೆ ನಿಂತಿದ್ದ ಮೇಸ್ತ್ರಿ ಸುಮ್ಮನೆ ಬಾಯಿ ತೆಗೆದು ನಾಲಿಗೆ ಎತ್ತಿದನಂತೆ.

ಕೊನೆಗೆ ಮಾತ್ರೆಯೆಲ್ಲ ಮುಗಿಸಿ ಪೇಂಟರ್ ವಾಪಸು ಬಂದ. ಕಫದ ಪರೀಕ್ಷೆಯಲ್ಲಿ ರೋಗದ ಸುಳಿವಿರಲಿಲ್ಲ. ಆ ಸುದ್ದಿ ಹೊತ್ತು ನರ್ಸಮ್ಮ ಕೋಣೆಗೆ ಬಂದಾಗ ಅವನು ಕೈಮುಗಿದ. "ದಿನಾ ಫೋನ್ ಮಾಡಿ ಬದುಕಿಸಿದ್ರಿ ಅಕ್ಕ. ನನ್ನೂ, ನನ್ ಮಗೂನೂ."

"ಫೋನಾ? ನಾನ್ಯಾವತ್ತಪ್ಪ ಮಾಡ್ದೆ?"

ಅವನ ಬೆನ್ನ ಹಿಂದಿನಿಂದ ಅದೇ ದನಿ ಬಂತು. "ನಾಲಿಗೆ ಎತ್ತು."

ಪೇಂಟರ್ ಎತ್ತಿಯೇಬಿಟ್ಟ. ಆಮೇಲೆ ನರ್ಸಮ್ಮನ ಮುಚ್ಚಿದ ಬಾಯಿ ನೋಡಿದ. ತಿರುಗಿ ಗಿಳಿಯನ್ನು ನೋಡಿದ. "ಥೂ ನಿನ್ನ, ಇಷ್ಟು ದಿನ ನಾನು ಅಕ್ಕ ಅಕ್ಕ ಅಂದಿದ್ದು ನಿಂಗಾ?"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಪೇಂಟರೇ, ಗೋಡೆಗೊರಗಿ ಹೊಟ್ಟೆ ಹಿಡಿದು ನಕ್ಕ. ರೂಢಿಯಂತೆ ಉಳಿದವರು ನಗು ನಿಲ್ಲಿಸಿ ಕೆಮ್ಮಿಗಾಗಿ ಕಾದರು. ನರ್ಸಮ್ಮನ ಕೈ ಕೊರಳಲ್ಲಿ ತೂಗುತ್ತಿದ್ದ ಮಾಸ್ಕಿನತ್ತ ಅರ್ಧ ಏರಿ ಅಲ್ಲೇ ನಿಂತಿತು. ಅವನು ನಗುತ್ತಲೇ ಇದ್ದ.