ಬೆನ್ನ ಮೇಲಿನ ಕೈ

"ನನ್ನ ಕೈಯೇನು ತರಕಾರಿ ಮಡೀನಾ ತಾಯಿ, ದಿನಾ ಕಿತ್ತು ಕಿತ್ತು ನೆಡೋಕೆ?" ಎಂದಳು ಮಂಚದ ಮೇಲಿದ್ದ ಅಜ್ಜಿ.

ಟ್ರೇ ಹಿಡಿದು ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಗೆ ನಗು ಬರಲಿಲ್ಲ. ಹಿಂದೆ ನಿಂತಿದ್ದ ಹಿರಿಯ ಸಿಸ್ಟರ್ ನಕ್ಕಳು. ಇಡೀ ವಾರ್ಡಿಗೆ ಆಕೆ ದೊಡ್ಡಕ್ಕ. ಕಲಿಯಲು ಬಂದ ಹುಡುಗಿಯರೆಲ್ಲ ಆಕೆಯ ಪಾಲಿಗೇ ಬೀಳುತ್ತಿದ್ದರು.

"ಇವತ್ತು ಒಂದೇ ಸಲ ಅಜ್ಜಿ. ನಾನಿದ್ದೀನಲ್ಲ."

"ನಿನ್ನೇನೂ ಇದ್ದೆ ನೀನು."

ಅದೂ ನಿಜವೇ. ದೊಡ್ಡಕ್ಕ ರೋಗಿಯೆದುರು ಯಾವ ಹುಡುಗಿಯನ್ನೂ ಗದರಿದವಳಲ್ಲ. ಅವಳ ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಲ್ಲುತ್ತಾಳೆ. ಕೈ ಇದ್ದರೆ ಮುಂದುವರಿ, ತೆಗೆದರೆ ನಿಲ್ಲಿಸು, ಅಷ್ಟೇ ಪಾಠ. ನಿನ್ನೆ ಡ್ರಿಪ್ಪಿನ ಸೂಜಿ ನೆಟ್ಟಗೆ ನರಕ್ಕೆ ಇಳಿಯುತ್ತಿದ್ದಾಗಲೇ ಎದುರು ಮಂಚದವನಿಗೆ ಉಸಿರು ಸಿಕ್ಕಿಕೊಂಡಿತು, ದೊಡ್ಡಕ್ಕ ಅತ್ತ ಓಡಿದಳು. ಬೆನ್ನ ಮೇಲಿನ ಕೈ ಹೋದದ್ದೇ ತಡ, ತಾನು ತಪ್ಪು ಮಾಡಿದೆನೆಂದು ಹುಡುಗಿ ಸೂಜಿಯನ್ನು ಹೊರಗೆಳೆದುಬಿಟ್ಟಳು. ಹಾಸಿಗೆಯೆಲ್ಲ ರಕ್ತ. ಅಜ್ಜಿಯ ಮಗ ಸೂರು ಹಾರಿಹೋಗುವಂತೆ ಕೂಗಾಡಿದ. ಇವತ್ತೂ ಆಗದಿದ್ದರೆ ಹುಡುಗಿಯನ್ನು ಮನೆಗೇ ಕಳಿಸುತ್ತೇನೆಂದು ಇನ್‌ಚಾರ್ಜ್ ಮೇಡಂ ಹೇಳಿಯಾಗಿತ್ತು.

"ಅಕ್ಕಾ, ಇವತ್ತು ಬಿಟ್ಟು ಹೋಗಲ್ಲ ತಾನೇ?"

"ಎಲ್ಲಿಗೆ ಹೋಗ್ಲೇ? ಪಟ್ಟಿ ಕಟ್ಟು."

ಹುಡುಗಿ ಅಜ್ಜಿಯ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು, ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಬೆನ್ನಿಗೆ ಅಂಗೈಯ ಬಿಸಿ ತಾಕಿತು. ಸೂಜಿ ಕೈಗೆತ್ತಿಕೊಂಡಳು.

"ದೊಡ್ಡಕ್ಕಾ!" ಆಯಾ ಬಾಗಿಲಿಂದಲೇ ಕೂಗಿದಳು. "ಆಪರೇಷನ್ ಆದವರನ್ನ ತಂದಿದ್ದಾರೆ, ಬನ್ನಿ!"

"ಇನ್ನೊಬ್ಬಳು ಸಿಸ್ಟರ್ ಎಲ್ಲಿ ಸತ್ತಳು?"

"ಮೇಲಿನ ವಾರ್ಡಿಗೆ ಎಳ್ಕೊಂಡು ಹೋದ್ರಲ್ಲ. ನೀವೊಬ್ರೇ ಇರೋದು."

"ಎರಡೇ ನಿಮಿಷ ಅನ್ನು."

"ವಾಂತಿ ಆಗ್ತಿದೆ ಅಕ್ಕ, ಇನ್ನೂ ಎಚ್ಚರ ಇಲ್ಲ ಅವರಿಗೆ!"

ಕೈ ಇನ್ನೂ ಬೆನ್ನ ಮೇಲೆಯೇ ಇತ್ತು.

"ಪಟ್ಟಿ ಬಿಚ್ಚಮ್ಮ," ಎಂದಳು ದೊಡ್ಡಕ್ಕ. "ನಿನ್ನ ತಪ್ಪಲ್ಲ, ಬಾಯಿಬಿಟ್ಟು ಹೇಳೇ ಹೋಗ್ತಿದ್ದೀನಿ. ಈಗ ಬಂದೆ, ಇಲ್ಲೇ ಇರು."

"ನೀವು ಬರೋದ್ರೊಳಗೆ ಇನ್ಯಾರೋ ಕೂಗ್ತಾರೆ. ನಾಳೇನೂ ಇದೇ ಕಥೆ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗಿ ಅಕ್ಕ, ಅವರಿಗೆ ಉಸಿರು ಕಟ್ಟುತ್ತೆ."

ದೊಡ್ಡಕ್ಕ ಓಡಿದಳು. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ಚೊಕ್ಕ ಮಾಡುವಷ್ಟರಲ್ಲಿ ಹಿಂದೆಯೇ ಇನ್ನೊಬ್ಬ ರೋಗಿಯನ್ನು ತಂದರು. ಆಮೇಲೆ ಡಾಕ್ಟರ್ ಕರೆದರು. ಬೆವರೊರೆಸಿಕೊಂಡು ವಾಪಸು ಬಂದಾಗ ಮಂಚದ ಪಕ್ಕ ಮುಚ್ಚಿಟ್ಟ ಟ್ರೇ ಮಾತ್ರ ಇತ್ತು.

"ನಮ್ಮ ಹುಡುಗಿ ಎಲ್ಲಜ್ಜಿ?"

"ಕಾದಳು ಪಾಪ. ಆ ದೊಡ್ಡ ಮೇಡಂ ಬಂದು ಅದೇನೋ ಅಂದ್ರು. ನನಗೆ ನೀರು ಕುಡಿಸಿ, ಹೊದಿಕೆ ಹೊದಿಸಿ, ಹೋಗ್ತೀನಜ್ಜಿ ಅಂದಳು. ಬರ್ತೀನಿ ಅನ್ನಬೇಕು ಮಗಾ ಅಂದೆ. ಅನ್ನಲೇ ಇಲ್ಲ."

"ಒಳ್ಳೆ ಕೈ ಅಜ್ಜಿ ಅವಳದು."

"ಅದನ್ನ ಅವಳಿಗೆ ಹೇಳಿದ್ಯಾ?"

ದೊಡ್ಡಕ್ಕ ಹೊಸ ಹತ್ತಿ ಒದ್ದೆ ಮಾಡಿಕೊಂಡು, ಸ್ಟೂಲು ಎಳೆದು ಕೂತಳು. ಸೂಜಿ ಮೊದಲ ಸಲಕ್ಕೇ ನರಕ್ಕೆ ಇಳಿಯಿತು.